ಏಳನೇ ಗ್ರೀನಿಗೆ ಹಲಗೆ ಹೊಡೆದ ಭಾನುವಾರ

ಸೋಮವಾರ ಬೆಳಿಗ್ಗೆ ಹುಲ್ಲಿನ ಲಾರಿಯಿಂದ ಇಳಿದು ಏಳನೇ ಗ್ರೀನಿನ ದಿಬ್ಬ ಹತ್ತಿದಾಗ, ದಾರಿ ತಪ್ಪಿ ಯಾರದೋ ಗದ್ದೆಗೆ ಬಂದುಬಿಟ್ಟೆನೇನೋ ಅನ್ನಿಸಿತು.

ತಪ್ಪಿರಲಿಲ್ಲ. ಎಡಕ್ಕೆ ನಾನೇ ನೆಡಿಸಿದ ಹೊಂಗೆಯ ಸಾಲು, ಹಿಂದೆ ಹನೂರಿಗೆ ಹೋಗುವ ಬಸ್ಸಿನ ಹಾರನ್ನು, ಎದುರಿಗೆ ಬೆಟ್ಟ, ಎಲ್ಲ ಇದ್ದ ಹಾಗೇ ಇದ್ದವು. ಗ್ರೀನ್ ಮಾತ್ರ ಇರಲಿಲ್ಲ. ಶನಿವಾರ ಸಂಜೆ ನಾನು ಬಿಟ್ಟುಹೋದ ಎರಡು ಉಬ್ಬು, ಅವುಗಳ ನಡುವಿನ ತಗ್ಗು, ಹಿಂದುಗಡೆಯ ಏರು, ಒಂದೂ ಇರಲಿಲ್ಲ. ಅಲ್ಲಿದ್ದದ್ದು ನಾಟಿಗೆ ತಯಾರಾದ ತಾಕು. ನುಣ್ಣಗೆ, ತಟ್ಟೆಯ ಹಾಗೆ ಸಮ. ಸುತ್ತಲೂ ಗೇಣೆತ್ತರದ ಬದು ಕಟ್ಟಿ, ಒಂದು ಮೂಲೆಯಲ್ಲಿ ನೀರು ಹೊರಗೆ ಬಿಡಲು ಪುಟ್ಟ ಬಾಯಿಯನ್ನೂ ತೆಗೆದಿದ್ದರು. ಅಯ್ಯೋ ದೇವರೇ ಅಂತ ಅಲ್ಲೇ ಕುಕ್ಕರಿಸಿದೆ.

ಗಾಲ್ಫ್ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ದೂರದಿಂದ ಹೊಡೆದ ಚೆಂಡು ಕೊನೆಗೆ ಬಂದು ಸೇರುವ, ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಅಂಗಳವೇ ಗ್ರೀನ್. ಅಲ್ಲಿ ಚೆಂಡನ್ನು ಬೀಸಿ ಹೊಡೆಯುವುದಿಲ್ಲ, ಪಟರ್ ಎಂಬ ಚಪ್ಪಟೆ ತಲೆಯ ಕೋಲಿನಿಂದ ಮೆಲ್ಲಗೆ ತಳ್ಳುತ್ತಾರೆ. ಆ ಅಂಗಳದ ಏರುತಗ್ಗಿನಲ್ಲೇ ಆಟದ ಮಜಾ ಇರುವುದು. ಸಮತಟ್ಟಾದ ಗ್ರೀನ್ ಅಂದರೆ ಉಪ್ಪು ಹಾಕದ ಸಾರು.

ಇದು ನನ್ನ ಸ್ವಂತ ಅಭಿಪ್ರಾಯ ಮಾತ್ರವಲ್ಲ. ಈ ಹೊಸ ಗಾಲ್ಫ್ ಮೈದಾನ ಕಟ್ಟಿಸುವ ಕೆಲಸಕ್ಕೆ ನನ್ನನ್ನು ತೆಗೆದುಕೊಂಡಾಗ ಅದರ ಮಾಲೀಕರು ಮೊದಲು ವಹಿಸಿದ್ದೇ ಎರಡು ಹೊಸ ಖಾಸಗಿ ಮೈದಾನಗಳನ್ನು ನೋಡಿ, ಆಡಿ, ಹೋಲಿಸಿ ಬರೆಯುವುದನ್ನು. ಎರಡೂ ಬೆಂಗಳೂರಿನ ಹೊರಗಿನವು. ಮೊದಲನೆಯದರಲ್ಲಿ ಕೊಳವೇನು, ಕಾರಂಜಿಯೇನು, ಕೂತಲ್ಲಿಗೆ ಬರುವ ಎಳನೀರೇನು! ಗ್ರೀನ್‌ಗಳು ಮಾತ್ರ ಚಪಾತಿ ಮಣೆ. ನಾನು ಕೋಲು ಹಿಡಿದು ಮೂರೇ ವರ್ಷವಾಗಿದ್ದವಳು, ಆದರೂ ಚೆಂಡು ಸರಸರನೆ ಕುಳಿಗೆ ಬೀಳುತ್ತಿತ್ತು. ಆಡಿ ಮುಗಿಸಿದವರೆಲ್ಲ ಆಹಾ ಅಂದರು, ಕಾರು ಹತ್ತಿದರು. ಊಟದ ಹೊತ್ತಿಗೆ ಯಾವ ಕುಳಿ ಹೇಗಿತ್ತು ಅಂತ ಕೇಳಿದರೆ ಒಬ್ಬರಿಗೂ ನೆನಪಿರಲಿಲ್ಲ. ಎರಡನೆಯದು ಬಯಲು, ಮರವೂ ಕಡಿಮೆ. ಆದರೆ ಗ್ರೀನಿಗೆ ಕಾಲಿಟ್ಟರೆ ಬುದ್ಧಿಗೆ ಕೆಲಸ. ಎರಡು ಮಾರು ದೂರದ ಕುಳಿಗೆ ತಳ್ಳಿದ ಚೆಂಡು ಅರ್ಧಚಂದ್ರಾಕಾರವಾಗಿ ಸುತ್ತಿ ನನ್ನ ಕಾಲ ಬಳಿಗೇ ವಾಪಸ್ಸು ಬಂತು. ಅಲ್ಲಿ ಸದಸ್ಯರು ಬೈಯುತ್ತಿದ್ದರು, ಒಬ್ಬರು ಕೋಲು ಎಸೆದರು, ಆದರೆ ಮಾರನೇ ದಿನ ಅವರೇ ಮೊದಲು ಬಂದು ನಿಂತಿದ್ದರು. "ಹೊಗಳಿ ಮರೆಯುವ ಮೈದಾನ ಬೇಡ, ಬೈದುಕೊಂಡು ಮತ್ತೆ ಬರುವ ಮೈದಾನ ಮಾಡೋಣ" ಎಂದು ವರದಿಯಲ್ಲಿ ಬರೆದುಕೊಟ್ಟೆ. ಮಾಲೀಕರು ಒಪ್ಪಿದರು. ವಿನ್ಯಾಸಕಾರರು ಅದಕ್ಕೆ ತಕ್ಕ ಹಾಗೆ ಒಂಬತ್ತು ಗ್ರೀನುಗಳ ನಕ್ಷೆ ಬರೆದರು. ಅದರಲ್ಲಿ ಏಳನೆಯದು ಅವರ ಮುದ್ದಿನ ಮಗು.

ತಳದಲ್ಲಿ ಕೊಳವೆ, ಮೇಲೆ ಜಲ್ಲಿ, ಅದರ ಮೇಲೆ ಒಂದು ಅಡಿ ತೊಳೆದ ಮರಳು. ಆ ಮರಳನ್ನು ಉಬ್ಬುತಗ್ಗಾಗಿ ಒಪ್ಪ ಮಾಡಲು ಹೊರಗಿನಿಂದ ಬಂದಿದ್ದ ಪುಟ್ಟ ಯಂತ್ರದ ಆಪರೇಟರ್ ಮೂರು ವಾರ ತಿಣುಕಾಡಿದ್ದ. ಶುಕ್ರವಾರ ಕೆಲಸ ಮುಗಿಸಿ ಯಂತ್ರ ಸಮೇತ ಬೇರೆ ಸೈಟಿಗೆ ಹೋಗಿದ್ದ. ಇನ್ನು ಮರಳಿಗೆ ಹುಲ್ಲು ನೆಡಬೇಕಿತ್ತು. ಬೀಜವಲ್ಲ, ಬೇರು ಸಮೇತ ತುಂಡು ಮಾಡಿದ ಸಣ್ಣೆಲೆಯ ಹುಲ್ಲು. ಒದ್ದೆ ಗೋಣಿಚೀಲದಲ್ಲಿ ತುಂಬಿ ತಂದರೆ ಮೂರು ದಿನದೊಳಗೆ ನೆಡಬೇಕು. ತಡವಾದರೆ ಚೀಲದೊಳಗೇ ಬೆಂದುಹೋಗುತ್ತದೆ. ಅದನ್ನು ತರಲೆಂದೇ ನಾನು ಶನಿವಾರ ನರ್ಸರಿಗೆ ಹೋಗಿದ್ದು. ವಿನ್ಯಾಸಕಾರರು ಗುರುವಾರ ಬೆಳಿಗ್ಗೆ ಬಂದು ಗ್ರೀನ್ ನೋಡಿ ಹೂಂ ಅಂದ ಮೇಲೆ ನಾಟಿ. ಹೂಂ ಅನ್ನದಿದ್ದರೆ ಹುಲ್ಲು ತಿಪ್ಪೆಗೆ, ನಾನು ಯಳಂದೂರಿನ ನಮ್ಮ ಮನೆಗೆ.

ದಿಬ್ಬದ ಮೇಲೆ ಕುಕ್ಕರಿಸಿದ್ದವಳು ಎದ್ದೆ. ಹೊಂಗೆ ಗಿಡದ ಪಕ್ಕ ಆರು ಜನ ಕೂತು ತಿಂಡಿ ತಿನ್ನುತ್ತಿದ್ದರು. ಸತ್ತೇಗಾಲದ ಕಡೆಯವರು, ಕಾವೇರಿ ಬಯಲಿನ ಗದ್ದೆಗಳನ್ನು ಮಟ್ಟ ಮಾಡುವುದೇ ಕಸುಬು. ಮರಳು ಹರಡುವ ಕೈಕೆಲಸಕ್ಕೆ ನಾನೇ ಕರೆಸಿದ್ದೆ. ಅವರಿಗೆ ಹಿರಿಯ ಒಬ್ಬ ಯಜಮಾನ, ನನ್ನ ಅಪ್ಪನ ವಯಸ್ಸಿನವರು. ಅವರು ನನ್ನನ್ನು ಕಂಡು ಮುಖ ಅರಳಿಸಿಕೊಂಡು ಎದ್ದರು, ಬಹುಮಾನ ಕೊಡುತ್ತಾರೆ ಅನ್ನುವ ಹಾಗೆ.

ನಾನು ಓದಿದವಳು, ಆಫೀಸಿನಲ್ಲಿ ಅಳೆದು ತೂಗಿ ಮಾತಾಡುವವಳು. ಆವತ್ತು ಎಲ್ಲ ಬಿದ್ದುಹೋಯಿತು.

"ಯಾರ್‍ಲಾ ಈ ಕೆಲ್ಸ ಮಾಡ್ದವ್ನು?" ಅಂತ ಕಿರುಚಿದೆ.

"ನಾವೇ ಕಣವ್ವ," ಅಂದರು ಯಜಮಾನರು, ಇನ್ನೂ ನಗುತ್ತಲೇ.

"ನಿನ್ ಕೈ ಸೇದೋಗ! ಮೂರು ವಾರದ ಕೆಲ್ಸ ಮಣ್ಣುಪಾಲು ಮಾಡ್ದಲ್ಲೋ!"

ಕೈ ಬತ್ತಿ ಮರಗಟ್ಟಿಹೋಗಲಿ ಅಂತ ಶಾಪ ಹಾಕಿಬಿಟ್ಟೆ. ಅಪ್ಪನ ವಯಸ್ಸಿನವರಿಗೆ, ಅವರ ಐದು ಜನ ಜೊತೆಗಾರರ ಎದುರಿಗೆ, ಕೈಯನ್ನೇ ನಂಬಿ ಬದುಕುವವರ ಕೈಗೆ. ಯಜಮಾನರ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅವರು ಬಲಗೈಯನ್ನು ಮೆಲ್ಲಗೆ ಪಂಚೆಗೆ ಒರೆಸಿಕೊಂಡು ಹಿಂದಕ್ಕೆ ಇಟ್ಟುಕೊಂಡರು. ಅದು ನನಗೆ ಕಾಣಿಸಿತು, ಆದರೂ ನಾನು ಬೈಯುವುದನ್ನು ನಿಲ್ಲಿಸಲಿಲ್ಲ.

ಸದ್ದು ಕೇಳಿ ಸೈಟ್ ಮ್ಯಾನೇಜರ್ ಓಡಿಬಂದರು. ನೋಡಿದರು, ತಲೆ ಮೇಲೆ ಕೈ ಹೊತ್ತರು. ವಿಷಯ ಹೊರಗೆ ಬಂದದ್ದು ಅವರು ಕಾವಲುಗಾರನನ್ನು ವಿಚಾರಿಸಿದಾಗ. ಶನಿವಾರ ಸಂಜೆ ನಾನು ಹೊರಟ ಮೇಲೆ ಸ್ಪ್ರಿಂಕ್ಲರ್ ಪರೀಕ್ಷೆ ಮಾಡಿದ್ದಾರೆ. ನೀರು ಉಬ್ಬಿನಿಂದ ಇಳಿದು ತಗ್ಗಿಗೆ ಹರಿದಿದೆ. ಯಜಮಾನರು ಅದನ್ನು ನೋಡಿದ್ದಾರೆ. ಅವರ ಕಣ್ಣಿಗೆ ಅದು ಯಂತ್ರದವನು ಅರ್ಧಂಬರ್ಧ ಮಾಡಿ ಬಿಟ್ಟುಹೋದ ಕಳ್ಳ ಕೆಲಸ. ಗುರುವಾರ ದೊಡ್ಡವರು ನೋಡಲು ಬರುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಭಾನುವಾರ ರಜೆ. ಆರು ಜನವೂ ಊರಿಗೆ ಹೋಗದೆ, ಮರಳಿಗೆ ನೀರು ಚಿಮುಕಿಸಿ, ಬೆಳಗಿನಿಂದ ಸಂಜೆಯವರೆಗೆ ಗುದ್ದಲಿಯಲ್ಲಿ ಎಳೆದು, ಹಲಗೆ ಹೊಡೆದು ಸಮ ಮಾಡಿದ್ದಾರೆ. ಕೂಲಿ ಬರೆಸಿಲ್ಲ.

"ಕೂಲಿ ಯಾಕೆ ಬರೆಸಲಿಲ್ಲ?" ಅಂತ ಮ್ಯಾನೇಜರ್ ಅನುಮಾನದಿಂದ ಕೇಳಿದರು.

ಯಜಮಾನರು ನನ್ನ ಮುಖ ನೋಡದೆ ಉತ್ತರ ಕೊಟ್ಟರು. "ಕೊನೆ ಅಲಗೆಗೆ ನಾವು ಕೂಲಿ ಈಸ್ಕಳದಿಲ್ಲ ಸಾ. ಅದು ನಮ್ ಕಡೆ ಪದ್ದತಿ. ನಾಳಿಕ್ಕೆ ದಾರೀಲೋಗವ್ರು ಬದಿನ್ ಮ್ಯಾಲೆ ನಿಂತ್ಕಂಡು, ಯಾವನ್ಲಾ ಇದ ಮಟ್ಟ ಮಾಡ್ದವ್ನು, ಕೈ ಇಲ್ವಾ ಅವ್ನಿಗೆ ಅಂದ್ರೆ, ಗದ್ದೆಯೋರ್ ಮಾನಾನೂ ಓಯ್ತದೆ, ನಮ್ ಮಾನಾನೂ ಓಯ್ತದೆ. ಆ ಅವ್ವುನ್ ಎಸ್ರಿಗೆ ಯಾರೂ ಅಂಗನ್ನಬಾರ್ದು ಅಂತ ಮಾಡ್ದೊ."

ಅಂದರೆ ನನ್ನ ಮಾನ ಉಳಿಸಲು. ಆಗಲೇ ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ. ನಾಲಿಗೆ ಎಷ್ಟು ಬೇಗ ಶಾಪ ಹಾಕಿತೋ, ಒಳ್ಳೆಯ ಮಾತಿಗೆ ಅಷ್ಟೇ ಮೊಂಡು ಹಿಡಿಯಿತು.

ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದರು. ಆರು ಜನರನ್ನೂ ಈಗಲೇ ಕಳಿಸಿಬಿಡೋಣ, ಬದು ಒಡೆದು ಮಟ್ಟದ ಮೇಲೇ ಹುಲ್ಲು ನೆಟ್ಟುಬಿಡೋಣ, ವಿನ್ಯಾಸಕಾರರಿಗೆ ಮಳೆ ಬಂದು ಮರಳು ಕುಸಿಯಿತು ಅಂತ ಹೇಳೋಣ ಅಂದರು. ಆಸೆಯಾಗಲಿಲ್ಲ ಅಂದರೆ ಸುಳ್ಳು. ಯಂತ್ರದವನಿಗೆ ಫೋನ್ ಮಾಡಿದೆ. ಹತ್ತು ದಿನ ಆಗಲ್ಲ ಮೇಡಂ ಅಂದ. ಸರ್ವೆಯವರು ಉಪಕರಣ ತೆಗೆದುಕೊಂಡು ಹೋಗಿಯಾಗಿತ್ತು. ನನ್ನ ಬಳಿ ಉಳಿದದ್ದು ಅವರು ಅಳತೆ ಹೇಳುವಾಗ ನಾನು ಬರೆದುಕೊಂಡಿದ್ದ ನೋಟ್‌ಬುಕ್ ಒಂದೇ. ಗ್ರೀನನ್ನು ಚೌಕ ಚೌಕವಾಗಿ ಗೆರೆ ಎಳೆದು, ಪ್ರತಿ ಮೂಲೆ ಎಷ್ಟು ಸೆಂಟಿಮೀಟರ್ ಎತ್ತರ ಎಂದು ಗುರುತು ಮಾಡಿದ್ದು.

ಅದನ್ನು ಹಿಡಿದುಕೊಂಡು ಆ ದರಿದ್ರ ಗದ್ದೆಯ ಬದುವಿನ ಮೇಲೆ ಅರ್ಧ ಗಂಟೆ ಕೂತೆ. ಸಿಟ್ಟು ಸ್ವಲ್ಪ ಇಳಿದ ಮೇಲೆ ಆ ತಾಕು ಎಷ್ಟು ಸಮವಾಗಿದೆ ಅನ್ನುವುದು ಕಣ್ಣಿಗೆ ಬಿತ್ತು. ಸುಮ್ಮನೆ ಒಂದು ಪೈಪ್ ತಂದು ನೀರು ಬಿಟ್ಟು ನೋಡಿದೆ. ಮರಳು ಕುಡಿಯುವ ಮೊದಲು ನೀರು ಎಲ್ಲ ಕಡೆಗೂ ಒಂದೇ ಸಮನೆ ಹರಡಿತು, ಯಾವ ಮೂಲೆಗೂ ಓಡಲಿಲ್ಲ. ದಂಗಾದೆ. ಯಂತ್ರವಿಲ್ಲದೆ, ಅಳತೆಗೋಲಿಲ್ಲದೆ, ಒಂದೇ ದಿನದಲ್ಲಿ ಇಷ್ಟು ಸಮ ಮಾಡಬಲ್ಲ ಕಣ್ಣಿಗೆ, ಬೇಕೆಂದೇ ಓರೆ ಮಾಡುವುದು ಬರುವುದಿಲ್ಲವೇ?

ಯಜಮಾನರನ್ನು ಕರೆದೆ. ಬಂದರು, ಆದರೆ ಐದಡಿ ದೂರ ನಿಂತರು. ನಕ್ಷೆ ತೋರಿಸಿದೆ. ನೋಡಿ ತಲೆ ಆಡಿಸಿದರು. ಉಬ್ಬು ಯಾಕೆ ಬೇಕು ಅನ್ನುವುದೇ ಅವರಿಗೆ ಅರ್ಥವಾಗುತ್ತಿರಲಿಲ್ಲ. ಅರ್ಥವಾಗದೆ ಅವರ ಕೈ ಸುಳ್ಳು ಕೆಲಸ ಮಾಡುವುದಿಲ್ಲ ಅನ್ನುವುದು ನನಗೆ ಅಷ್ಟರಲ್ಲಿ ಗೊತ್ತಾಗಿತ್ತು. ಅದಕ್ಕೆ ಕ್ಲಬ್‌ಹೌಸಿನ ಪಕ್ಕದ ಅಭ್ಯಾಸದ ಗ್ರೀನಿಗೆ ಕರೆದುಕೊಂಡು ಹೋದೆ. ಅಲ್ಲಿ ಹುಲ್ಲು ಆಗಲೇ ಬಂದಿತ್ತು, ಏರುತಗ್ಗೂ ಇತ್ತು. ಅವರ ಕೈಗೆ ಪಟರ್ ಕೊಟ್ಟೆ.

"ಆಡಿ ಯಜಮಾನ್ರೇ."

"ನಾನಾ? ಬ್ಯಾಡ ಬುಡಿ ಮೇಡಮ್ಮೋರೆ." ಬೆಳಿಗ್ಗೆಯವರೆಗೂ 'ಅವ್ವ' ಆಗಿದ್ದವಳು ಈಗ 'ಮೇಡಮ್ಮೋರು' ಆಗಿದ್ದೆ.

ಬಲವಂತ ಮಾಡಿದೆ. ಚಪ್ಪಲಿ ಬಿಟ್ಟು ಒಳಗೆ ಇಳಿದರು. ಚೆಂಡನ್ನು ನೇರವಾಗಿ ಕುಳಿಯ ಕಡೆಗೆ ತಳ್ಳಿದರು. ಅದು ಅರ್ಧ ದಾರಿ ನೆಟ್ಟಗೆ ಹೋಗಿ, ಆಮೇಲೆ ಬಲಕ್ಕೆ ಜಾರಿ, ತಗ್ಗಿನಲ್ಲಿ ಹೋಗಿ ನಿಂತಿತು. ಅವರು ಬೆಚ್ಚಿಬಿದ್ದು ನನ್ನನ್ನು ನೋಡಿದರು. ಇನ್ನೊಂದು ಚೆಂಡು. ಅದೂ ಅಲ್ಲಿಗೇ. ಮೂರನೆಯದನ್ನು ತಳ್ಳಲಿಲ್ಲ. ಅಂಗೈ ಹುಲ್ಲಿಗೆ ಊರಿ, ಕಣ್ಣು ನೆಲದ ಮಟ್ಟಕ್ಕೆ ತಂದು, ಬಹಳ ಹೊತ್ತು ನೋಡಿದರು.

"ಇದು ನೀರಲ್ವಾ!" ಅಂದರು. "ನೀರ್ ಎಂಗೋಯ್ತದೋ ಅಂಗೇ ಓಯ್ತಾ ಅದಲ್ಲ ಇದು!"

"ಹೂಂ ಯಜಮಾನ್ರೇ. ನೀರು ಯಾವ ಕಡೆಗೆ ಓಡುತ್ತೆ ಅಂತ ಕಂಡುಹಿಡಿಯೋದೇ ಇವರ ಆಟ."

"ಅಂಗಾರೆ ಅವತ್ತು ಆ ಮಿಶನ್ನೋನು ಕಳ್ಳ ಕೆಲ್ಸ ಮಾಡಿರ್ನಿಲ್ಲ."

"ಇಲ್ಲ."

ಅವರು ಕೋಲಿಗೆ ಗಲ್ಲ ಊರಿ ನಿಂತರು. ಮುಖ ಕಪ್ಪಿಟ್ಟಿತು. "ದೊಡ್ ತಪ್ಪಾಯ್ತು," ಅಂದರು. ಆಮೇಲೆ ತಲೆ ಎತ್ತಿ, "ಆ ಉಬ್ಬು ತಗ್ಗೆಲ್ಲ ಬೆರಳ್ ಲೆಕ್ಕದಾಗೆ ಯೋಳಿ. ಸೆಂಟಿಮೀಟ್ರು ನಂಗ್ ಬರಕಿಲ್ಲ. ನಾಳ ಬೈಗೊತ್ಗೆ ಮಾಡ್ಕೊಡ್ತೀನಿ," ಅಂದರು.

ಮ್ಯಾನೇಜರ್‌ಗೆ ಹೇಳಿದೆ: ಇವರೇ ಮಾಡುತ್ತಾರೆ, ವಿನ್ಯಾಸಕಾರರಿಗೆ ನಿಜವನ್ನೇ ಹೇಳುತ್ತೇನೆ, ಆಗದಿದ್ದರೆ ನಾನೂ ಇವರ ಜೊತೆ ಗೇಟು ದಾಟುತ್ತೇನೆ. ಅವರು ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದರು.

ಎರಡು ಸೆಂಟಿಮೀಟರಿಗೆ ಒಂದು ಬೆರಳು ಅಂತ ಲೆಕ್ಕ ಹಾಕಿ ನೋಟ್‌ಬುಕ್ಕಿನ ಎಲ್ಲ ಅಂಕಿಗಳನ್ನೂ ಬೆರಳು, ಗೇಣು ಮಾಡಿದೆ. ಗಾರೆಯವರ ಬಳಿ ಇರುತ್ತದಲ್ಲ, ನೀರು ತುಂಬಿದ ಪಾರದರ್ಶಕ ಪೈಪು, ಅದನ್ನು ಕೊಳ್ಳೇಗಾಲದಿಂದ ತರಿಸಿದೆ. ಚೌಕದ ಪ್ರತಿ ಮೂಲೆಗೂ ಗೂಟ ಹೊಡೆದು, ಪೈಪಿನ ನೀರು ನಿಂತ ಮಟ್ಟಕ್ಕೆ ಕೆಂಪು ಗುರುತು ಹಾಕಿ, ಅಲ್ಲಿಂದ ಎಷ್ಟು ಬೆರಳು ಕೆಳಗೆ ಮರಳು ಬರಬೇಕು ಎಂದು ನಾನು ಕೂಗುವುದು, ಅವರು ಎಳೆಯುವುದು. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಎಡಗಡೆಯ ಉಬ್ಬು ಎದ್ದಿತು. ನನಗೆ ಕುಣಿಯುವ ಹಾಗಾಯಿತು. ತುಳಿದು ಗಟ್ಟಿ ಮಾಡಿ ಚೆಂಡು ಇಟ್ಟು ನೋಡಿದರೆ, ಎಲ್ಲಿಟ್ಟರೂ ನಿಲ್ಲುತ್ತಿಲ್ಲ, ಗುಡುಗುಡನೆ ಉರುಳಿ ಹೊರಗೆ! ಅಂಥ ಕಡಿದಾದ ಕಡೆ ಕುಳಿ ತೋಡುವ ಹಾಗೇ ಇಲ್ಲ. ತಪ್ಪು ನನ್ನದೇ. ಕೂಗುವಾಗ ಒಂದು ಸಾಲಿನ ಅಂಕಿಗಳನ್ನು ಎರಡು ಸಲ ಓದಿದ್ದೆ, ಆ ಉಬ್ಬನ್ನು ಮೊದಲಿಂದ ಎಬ್ಬಿಸಬೇಕಾಯಿತು.

ಅದೇ ಹೊತ್ತಿಗೆ ಹುಲ್ಲಿನ ಚೀಲದೊಳಗೆ ಕೈ ಹಾಕಿದೆ. ಒಳಗೆ ಬಿಸಿ, ಈಗ ತಾನೇ ಮುದ್ದೆ ಇಳಿಸಿದ ಪಾತ್ರೆಯ ಹಾಗೆ. "ಬೆಂದುಹೋಯ್ತು ಯಜಮಾನ್ರೇ, ಎಲ್ಲ ಬೆಂದುಹೋಯ್ತು!" ಅಂತ ಕೂಗಿಕೊಂಡೆ.

ಅವರು ಬಂದು ಒಂದು ಹಿಡಿ ತೆಗೆದು ಮೂಸಿದರು. "ಇನ್ನೂ ಕೊಳ್ತಿಲ್ಲ. ಪೈರ್ ಕಿತ್ತು ಯಾರಾದ್ರೂ ಚೀಲ್ದಾಗೆ ಮಡುಗ್ತಾರಾ? ಸುರೀರಿ ಎಲ್ಲಾನೂ." ಹುಣಸೆ ಮರದ ನೆರಳಿಗೆ ಒದ್ದೆ ಗೋಣಿ ಹಾಸಿಸಿ, ಚೀಲಗಳನ್ನೆಲ್ಲ ಸುರಿಸಿ, ತೆಳ್ಳಗೆ ಹರಡಿಸಿ, ಮೇಲೆ ನೀರು ಚಿಮುಕಿಸಿದರು. ಗದ್ದೆಯ ಪೈರನ್ನು ನಾಟಿಯವರೆಗೆ ಅವರು ಇಟ್ಟುಕೊಳ್ಳುವುದೇ ಹಾಗಂತೆ. ಸಂಜೆಗೆ ಹುಲ್ಲು ಮತ್ತೆ ತಣ್ಣಗಾಯಿತು.

ಬುಧವಾರ ಬೆಳಿಗ್ಗೆ ನಾನು ಬಂದಾಗ ಇನ್ನೊಂದು ಆಘಾತ. ಯಜಮಾನರು ಬಡಗಿಯ ಗರಗಸ ಹಿಡಿದು ತಮ್ಮ ಹಲಗೆಯನ್ನು ಅಡ್ಡಕ್ಕೆ ಕೊಯ್ಯುತ್ತಿದ್ದರು. ಎರಡು ಮಾರುದ್ದದ ಹೊನ್ನೆ ಹಲಗೆ, ಅವರ ಅಪ್ಪನ ಕಾಲದ್ದು, ಹಿಡಿದು ಹಿಡಿದು ಅಂಚು ಗಾಜಿನಂತೆ ನುಣುಪಾಗಿತ್ತು.

"ಅಯ್ಯಯ್ಯೋ, ಏನ್ ಮಾಡ್ತಿದ್ದೀರಿ? ಬೇರೆ ಹಲಗೆ ತರಿಸ್ತಿದ್ದೆನಲ್ಲ!"

"ಉದ್ದದ ಅಲಗೆ ಉಬ್ಬಿನ್ ಮ್ಯಾಲೆ ಕೂರಕಿಲ್ಲ. ಬ್ಯಾರೆ ಅಲಗೆ ನನ್ ಕೈ ಮಾತು ಕೇಳಕಿಲ್ಲ," ಅಂದರು, ಗರಗಸ ನಿಲ್ಲಿಸದೆ. ಕೈ ಅನ್ನುವ ಮಾತು ಬಂದ ಕೂಡಲೇ ನಾನು ತಲೆ ತಗ್ಗಿಸಿದೆ.

ಆ ಮೊಟಕು ಹಲಗೆಯಲ್ಲೇ ಬುಧವಾರವಿಡೀ ಒಪ್ಪ ಮಾಡಿದರು. ಸಂಜೆ ಉಳಿದವರನ್ನೆಲ್ಲ ಹೊರಗೆ ಕಳಿಸಿ, ಒಬ್ಬರೇ ಹಿಮ್ಮುಖವಾಗಿ ನಡೆಯುತ್ತಾ, ತಮ್ಮ ಹೆಜ್ಜೆ ಗುರುತನ್ನು ತಾವೇ ಅಳಿಸುತ್ತಾ ಕೊನೆ ಹಲಗೆ ಹೊಡೆದರು. ಅವರು ಹೇಳುವವರೆಗೆ ಯಾರೂ ಕಾಲಿಡುವಂತಿಲ್ಲ.

ಗುರುವಾರ ವಿನ್ಯಾಸಕಾರರು ಕಾರಿಂದ ಇಳಿದ ತಕ್ಷಣ ನಡೆದದ್ದೆಲ್ಲ ಹೇಳಿಬಿಟ್ಟೆ. ಅವರ ಮುಖದ ಬಣ್ಣ ಹೋಯಿತು. ಶೂ ಬಿಚ್ಚಿ ಗ್ರೀನಿಗೆ ಇಳಿದರು. ಇಳಿಜಾರು ಅಳೆಯುವ ಪಟ್ಟಿಯನ್ನು ಅಲ್ಲಲ್ಲಿ ಇಡುತ್ತಾ ಇಡೀ ಗ್ರೀನ್ ಸುತ್ತಿದರು. ಹಿಂದಿನ ಮೂಲೆಯಲ್ಲಿ ನಿಂತರು.

"ಇಲ್ಲಿ ನಾಲ್ಕು ಸೆಂಟಿಮೀಟರ್ ವ್ಯತ್ಯಾಸ ಇದೆ. ಇದು ನನ್ನ ನಕ್ಷೆಯಲ್ಲಿಲ್ಲ."

ನನಗೂ ಗೊತ್ತಿರಲಿಲ್ಲ. ಯಜಮಾನರು ಬದಿಯಿಂದಲೇ ಹೇಳಿದರು: "ನೀವ್ ಬರ್ದಂಗೆ ಬುಟ್ರೆ ಅಲ್ಲಿ ನೀರ್ ನಿಂತ್ಕತದೆ ಸಾ. ಉಲ್ಲು ಕೊಳೀತದೆ. ನೀರ್ ಆಚಿಕ್ ಓಗ್ಲಿ ಅಂತ ಅಂಚ್ನ ಎಲ್ಡ್ ಬೆರಳು ತಗ್ಗಿಸ್ದೆ."

ವಿನ್ಯಾಸಕಾರರು ನಕ್ಷೆ ಬಿಚ್ಚಿ ನೋಡಿದರು. ಕೈಯಲ್ಲಿದ್ದ ಬಾಟಲಿಯ ನೀರನ್ನು ಅಲ್ಲಿ ಸುರಿದು ನೋಡಿದರು. ಮತ್ತೆ ನಕ್ಷೆ ನೋಡಿದರು. ಪೆನ್ನು ತೆಗೆದು ಅಂಕಿ ತಿದ್ದಿದರು. "ನೆಡಿ," ಅಂದರು ನನಗೆ. ಹೋಗುವಾಗ, "ಆ ಬದು ಕಟ್ಟಿದ್ದ ಫೋಟೋ ಇದ್ದರೆ ಕಳಿಸಿ," ಅಂದರು. ಅವರ ತುಟಿಯಂಚಿನಲ್ಲಿ ನಗು ಇತ್ತೇನೋ, ನನಗೆ ನೋಡುವ ತ್ರಾಣ ಇರಲಿಲ್ಲ.

ಹುಲ್ಲು ಹಿಡಿಯಿತು. ಯಜಮಾನರು ಗ್ರೀನ್ ನೋಡಿಕೊಳ್ಳುವ ಕೆಲಸಕ್ಕೆ ಉಳಿದುಕೊಂಡರು. ನಾವು ದಿನಾ ಮಾತಾಡುತ್ತಿದ್ದೆವು, ನೀರಿನ ಬಗ್ಗೆ, ಹುಳುವಿನ ಬಗ್ಗೆ, ಮಳೆಯ ಬಗ್ಗೆ. ಆ ಸೋಮವಾರದ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ನಾನು 'ಮೇಡಮ್ಮೋರು' ಆಗಿಯೇ ಉಳಿದೆ.

ತಿಂಗಳುಗಳ ನಂತರ ಸದಸ್ಯರು ಮೊದಲ ಸಲ ಆಡಿದ ದಿನ, ನಾನು ಏಳನೇ ಗ್ರೀನಿನ ಬಳಿಯೇ ನಿಂತಿದ್ದೆ. ಮೊದಲ ತಂಡದ ಹಿರಿಯ ಸದಸ್ಯರೊಬ್ಬರು ಕುಳಿಗೆ ಎರಡು ಮಾರು ದೂರದಿಂದ ತಳ್ಳಿದರು. ಚೆಂಡು ಸುತ್ತಿಕೊಂಡು ಕೆಳಗೆ ಹೋಯಿತು. ಮತ್ತೆ ತಳ್ಳಿದರು. ಮತ್ತೆ ಹೋಯಿತು. ಮೂರನೆಯದೂ ತಪ್ಪಿದಾಗ ಕೋಲನ್ನು ನೆಲಕ್ಕೆ ಕುಟ್ಟಿ, "ಥೂ! ಯಾವ ಮುಠ್ಠಾಳ ಕಣ್ರೀ ಇದನ್ನ ಮಾಡಿದ್ದು? ಒಂದು ಕಡೆ ಆದ್ರೂ ಮಟ್ಟ ಇದೆಯಾ? ಕೈ ಇಲ್ವಾ ಅವನಿಗೆ?" ಅಂದರು. ಜೊತೆಯವರು ನಕ್ಕರು.

ನಾನೂ ನಗಬೇಕಿತ್ತು. ನಾನು ವರದಿಯಲ್ಲಿ ಬೇಡಿಕೊಂಡಿದ್ದ ಬೈಗುಳವೇ ಅದು. ನಗಲು ಬಾಯಿ ತೆರೆದವಳು, ಆಚೆ, ಚೆಂಡಿಗೆ ಅಡ್ಡಿಯಾಗಲೆಂದು ತೋಡಿದ ಮರಳು ಗುಂಡಿಯನ್ನು ಹಲ್ಲುಕೋಲಿನಲ್ಲಿ ಸಮ ಮಾಡುತ್ತಿದ್ದ ಯಜಮಾನರನ್ನು ನೋಡಿದೆ. ಅವರ ಹಲ್ಲುಕೋಲು ನಿಂತಿತ್ತು. ಜೀವಮಾನವಿಡೀ ಯಾವ ಮಾತು ಕೇಳಬಾರದು ಅಂತ ಭಾನುವಾರ ರಜೆಯನ್ನೂ ಬಿಟ್ಟು ದುಡಿದರೋ ಅದೇ ಮಾತು, ಅಕ್ಷರಶಃ ಅದೇ ಮಾತು, ಜನರೆದುರಿಗೆ ಬಂದು ಅವರ ಮುಖಕ್ಕೆ ಬಡಿದಿತ್ತು. ಅವರ ಬಲಗೈ ಮೆಲ್ಲಗೆ ಬೆನ್ನ ಹಿಂದೆ ಹೋಯಿತು.

ನನಗೆ ತಡೆಯಲಾಗಲಿಲ್ಲ. ಗ್ರೀನಿನ ಮಧ್ಯಕ್ಕೇ ನಡೆದೆ.

"ಸಾರ್, ಇದನ್ನು ಮಾಡಿದ್ದು ಅವರು," ಅಂತ ಯಜಮಾನರನ್ನು ತೋರಿಸಿದೆ. "ನೀರು ಬಿಟ್ಟರೆ ಅಲ್ಲಾಡದೆ ನಿಲ್ಲುವಷ್ಟು ಮಟ್ಟ ಮಾಡಿಕೊಟ್ಟಿದ್ದರು. ಕೆಡಿಸಿದ್ದು ನಾನು. ಕೆಡಿಸಿ ಅಂತ ಹೇಳುವ ಮೊದಲೇ ಆ ಕೈಗೆ ಶಾಪ ಹಾಕಿದವಳೂ ನಾನೇ. ಅವರ ಕೈಗೆ ಏನೂ ಆಗಿಲ್ಲ. ಸೇದಿಹೋಗಬೇಕಾದ್ದು ನನ್ನ ನಾಲಿಗೆ."

ಸದಸ್ಯರು ಕಣ್ಣು ಕಣ್ಣು ಬಿಟ್ಟರು. "ಅಯ್ಯೋ, ತಮಾಷೆಗೆ ಅಂದೆನಮ್ಮ, ಗ್ರೀನ್ ಚೆನ್ನಾಗೇ ಇದೆ," ಅಂತ ತೊದಲಿದರು. ಬೇಗ ಬೇಗ ಚೆಂಡು ಎತ್ತಿಕೊಂಡು ಎಂಟನೆಯದಕ್ಕೆ ಹೊರಟರು.

ಯಜಮಾನರು ಕೋಲು ಕೆಳಗಿಟ್ಟು ನನ್ನ ಹತ್ತಿರ ಬಂದರು. ಈ ಸಲ ಐದಡಿ ದೂರ ನಿಲ್ಲಲಿಲ್ಲ. ಬೆನ್ನ ಹಿಂದಿನ ಕೈಯನ್ನು ಮುಂದಕ್ಕೆ ತಂದು, ಎರಡೂ ಅಂಗೈ ಬಿಡಿಸಿ ನನ್ನ ಮುಂದೆ ಹಿಡಿದರು. ಮರಳು ಮೆತ್ತಿಕೊಂಡಿತ್ತು.

"ಸೇದೋಗ್ನಿಲ್ಲ, ನೋಡವ್ವ," ಅಂದರು.

ನಾನು ಆ ಕೈಗಳನ್ನು ಹಿಡಿದುಕೊಂಡೆ. ಹಿಂದಿನ ತಂಡದವರು ಚೆಂಡು ಹೊಡೆಯಲು ಜಾಗ ಬಿಡಿ ಅಂತ ದೂರದಿಂದ ಕೂಗುತ್ತಿದ್ದರು. ಕೂಗಲಿ ಅಂದುಕೊಂಡೆ.